ಬಾಲಿಯ ಉತ್ತರ ಕರಾವಳಿಯ ಲೆಸ್ ಗ್ರಾಮದಲ್ಲಿ ಮನೆ ಮಾಡಬೇಕೆಂದಿದ್ದೇವೆ, ಬಲ್ಲವರು ಹೇಳಿ

ಪ್ರಶ್ನೆ (ಕುಂದಾಪುರದ ನಿವೃತ್ತ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ನನಗೆ 58, ನಮ್ಮ ಯಜಮಾನರಿಗೆ 61. ಕಳೆದ ವರ್ಷ ಬಾಲಿಗೆ ಹೋದಾಗ ದಕ್ಷಿಣದ ಗದ್ದಲ ಸಾಕಾಗಿ, ಉತ್ತರ ಕರಾವಳಿಯ ತೆಜಕುಲ ಸೀಮೆಯ ಲೆಸ್ ಎಂಬ ಹಳ್ಳಿಯಲ್ಲಿ ಹನ್ನೆರಡು ದಿನ ಉಳಿದೆವು. ಕಪ್ಪು ಮರಳು, ಶಾಂತವಾದ ಕಡಲು, ಬೆಳಗಿನ ಜಾವ ಉಪ್ಪು ಮಾಡುವವರ ಓಡಾಟ, ಸಂಜೆ ಮನೆ ಮನೆಯ ಮುಂದೆ ಹೂವಿನ ನೈವೇದ್ಯ. ಮನಸ್ಸು ಅಲ್ಲೇ ಉಳಿದುಬಿಟ್ಟಿದೆ. ಊರಿನ ಮಧ್ಯವರ್ತಿಯೊಬ್ಬರು ಕಡಲಿಗೆ ತಾಗಿದ ಆರು ‘ಆರೆ’ ಜಾಗ ತೋರಿಸಿದ್ದಾರೆ. ಅಗಲ 20 ಮೀಟರ್, ಉದ್ದ 30 ಮೀಟರ್. ಕಾಗದಪತ್ರ ಅವರ ಭಾವನ ಹೆಸರಿನಲ್ಲಿರುತ್ತದೆ, ನಮ್ಮೊಂದಿಗೆ ಬೇರೆಯದೇ ಒಪ್ಪಂದ ಮಾಡಿಕೊಳ್ಳುತ್ತಾರೆ, ಹತ್ತಾರು ಮಂದಿ ವಿದೇಶಿಯರು ಹೀಗೆಯೇ ಮಾಡಿದ್ದಾರೆ ಎನ್ನುತ್ತಾರೆ. ಇದನ್ನು ನಂಬಬಹುದೇ? ಅಲ್ಲಿನ ದಿನನಿತ್ಯದ ಬದುಕು ನಮ್ಮ ವಯಸ್ಸಿನವರಿಗೆ ಹೊಂದುತ್ತದೆಯೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ (ಹೊನ್ನಾವರದವಳು, ಏಳು ವರ್ಷದಿಂದ ತೆಜಕುಲ ಸೀಮೆಯಲ್ಲಿ ವಾಸ)

ಅಕ್ಕಾ, ಮೊದಲು ಆ ಜಾಗಕ್ಕೆ ಮುಂಗಡ ಕೊಡಬೇಡಿ. ಕೊಟ್ಟಿದ್ದರೆ ಇನ್ನೊಂದು ಪೈಸೆ ಸೇರಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

‘ಆರೆ’ ಎಂದರೆ ನೂರು ಚದರ ಮೀಟರ್, ನಮ್ಮ ಕರಾವಳಿಯ ಲೆಕ್ಕದಲ್ಲಿ ಸುಮಾರು ಎರಡೂವರೆ ಸೆಂಟ್ಸ್. ನೀವು ನೋಡಿದ್ದು ಹೆಚ್ಚುಕಡಿಮೆ ಹದಿನೈದು ಸೆಂಟ್ಸ್. ನಮ್ಮಲ್ಲಿ ಕರಾವಳಿ ನಿಯಂತ್ರಣ ವಲಯ ಇರುವಂತೆ ಇಂಡೊನೇಷ್ಯಾದಲ್ಲಿ ‘ಸೆಂಪದನ್ ಪಂತಾಯ್’ ಇದೆ. ಉಬ್ಬರದ ಅತಿ ಮೇಲಿನ ಗೆರೆಯಿಂದ ಒಳನಾಡಿನ ಕಡೆಗೆ ಕನಿಷ್ಠ 100 ಮೀಟರ್ ಎಂಬುದು ಅಲ್ಲಿನ ಸಾಮಾನ್ಯ ಅಳತೆ. ಕಡಲಿಗೆ ತಾಗಿದ 30 ಮೀಟರ್ ಉದ್ದದ ಜಾಗದಲ್ಲಿ ಮನೆ ಎಲ್ಲಿ ಕಟ್ಟುತ್ತೀರಿ? ಸುತ್ತಮುತ್ತ ಕಟ್ಟಡಗಳಿವೆ ಎಂದು ಮಧ್ಯವರ್ತಿ ತೋರಿಸಬಹುದು. ಅವು ಹಳೆಯವೋ, ಅನುಮತಿ ಪಡೆದವೋ, ನಾಳೆ ಒಡೆಯಬೇಕಾದವೋ ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಜಿಲ್ಲಾ ಕಚೇರಿಯಲ್ಲಿ ಆ ಜಾಗದ ವಲಯ ಯಾವುದೆಂದು ಬರಹದಲ್ಲಿ ಕೇಳಬೇಕು. ಲೆಸ್ ಬುಲೆಲೆಂಗ್ ಜಿಲ್ಲೆಗೆ ಸೇರಿದ್ದರಿಂದ ಅದಕ್ಕಾಗಿ ಸಿಂಗರಾಜಕ್ಕೆ ಹೋಗಬೇಕು. ಕಟ್ಟುವ ಅನುಮತಿಗೆ ಈಗ ‘ಪೆಬೆಗೆ’ ಎನ್ನುತ್ತಾರೆ. ವಲಯ ಸರಿಯಿಲ್ಲದಿದ್ದರೆ ಅದು ಸಿಗುವುದಿಲ್ಲ.

ಇನ್ನು ಹೆಸರಿನ ವಿಷಯ. ಅಲ್ಲಿ ಪೂರ್ಣ ಒಡೆತನಕ್ಕೆ ‘ಹಕ್ ಮಿಲಿಕ್’ ಎನ್ನುತ್ತಾರೆ. ನಮ್ಮ ‘ಹಕ್ಕು’, ‘ಮಾಲೀಕ’ ಎಂಬ ಮಾತುಗಳ ಮೂಲವೇ ಅದಕ್ಕೂ ಮೂಲ, ಹಾಗಾಗಿ ಅರ್ಥ ಮರೆಯುವುದಿಲ್ಲ. ಆ ಹಕ್ಕು ಇಂಡೊನೇಷ್ಯಾದ ಪ್ರಜೆಗೆ ಮಾತ್ರ. 1960ರ ಭೂ ಕಾಯಿದೆಯ 26ನೇ ವಿಧಿಯ ಪ್ರಕಾರ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ವಿದೇಶಿಯರಿಗೆ ಅದನ್ನು ದಾಟಿಸುವ ವ್ಯವಹಾರ ಅಸಿಂಧು. ಭೂಮಿ ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣ ವಾಪಸು ಕೇಳುವಂತಿಲ್ಲ. ಭಾವನ ಹೆಸರು ಎನ್ನುತ್ತಾರಲ್ಲ, ಅದೇ ಈ ಸುತ್ತುಬಳಸು.

ನ್ಯಾಯವಾದ ದಾರಿಗಳು ಇವೆ. ಒಂದು, ಗುತ್ತಿಗೆ, ಅಲ್ಲಿಯ ಮಾತಿನಲ್ಲಿ ‘ಸೆವಾ’. ನಾವು ಇರುವುದು ಹಾಗೆಯೇ, 25 ವರ್ಷಕ್ಕೆ. ಹಣ ಪೂರ್ತಿ ಮೊದಲೇ ಕೊಡುವುದು ರೂಢಿ. ಆದ್ದರಿಂದ ಅವಧಿ ಮುಗಿದ ಮೇಲೆ ಮುಂದುವರಿಸುವ ಬೆಲೆ ಹೇಗೆ ನಿಗದಿಯಾಗಬೇಕು, ಮಾಲೀಕ ತೀರಿಹೋದರೆ ಮಕ್ಕಳು ಒಪ್ಪಂದಕ್ಕೆ ಬದ್ಧರೇ, ಮನೆಯನ್ನು ಯಾರು ಉಳಿಸಿಕೊಳ್ಳುತ್ತಾರೆ ಎಂಬುದೆಲ್ಲ ನೋಟರಿಯ ಮುಂದೆ ಬರಹಕ್ಕೆ ಬರಬೇಕು. ಬಾಡಿಗೆಯ ಮೇಲಿನ ಶೇ 10 ತೆರಿಗೆ ಯಾರ ಪಾಲಿಗೆ ಎಂಬುದನ್ನೂ ಬರೆಸಿ, ಅಲ್ಲೇ ಜಗಳ ಹುಟ್ಟುವುದು. ಎರಡನೆಯದು ‘ಹಕ್ ಪಕಾಯ್’, ಬಳಸುವ ಹಕ್ಕು. 2021ರ ನಿಯಮದಂತೆ ಸರ್ಕಾರಿ ಭೂಮಿಯ ಮೇಲೆ 30 ವರ್ಷ, ವಿಸ್ತರಣೆ 20, ನವೀಕರಣ 30. ಆದರೆ ವೀಸಾ, ವಾಸದ ಪರವಾನಗಿಯಂಥ ವಲಸೆ ದಾಖಲೆ ಸರಿಯಿರಬೇಕು, ಮನೆಯ ಬೆಲೆಗೆ ಪ್ರಾಂತ್ಯವಾರು ಕನಿಷ್ಠ ಮಿತಿ ಇದೆ. ಹಳ್ಳಿಯಲ್ಲಿ ಸಣ್ಣ ಮನೆ ಕಟ್ಟಿಕೊಳ್ಳುವ ನಿಮ್ಮಂಥವರಿಗೆ ಅದು ಭಾರವಾಗುತ್ತದೆ. ಕಂಪನಿ ಮಾಡಿ ಭೂಮಿ ಹಿಡಿಯುವ ದಾರಿ ವ್ಯಾಪಾರ ಮಾಡುವವರಿಗೆ ಸರಿ, ಕಡಲು ನೋಡುತ್ತ ಕೂರುವವರಿಗೆ ಅಲ್ಲ.

ಭೂಮಿ ಯಾರದೆಂದು ನೋಡುವಾಗ ‘ಪಿಪಿಲ್’ ತೋರಿಸಿದರೆ ಒಪ್ಪಬೇಡಿ. ಅದು ಹಳೆಯ ಕಂದಾಯದ ಕಾಗದ. ನಮ್ಮಲ್ಲಿ ತೀರ್ವೆ ರಸೀದಿ ಹಿಡಿದು ಜಾಗ ನನ್ನದೆಂದು ಹೇಳಿದ ಹಾಗೆ. ಭೂ ಕಚೇರಿಯ ಪ್ರಮಾಣಪತ್ರ ಇರಬೇಕು, ಅದರ ಮೇಲೆ ಸಾಲವಿಲ್ಲವೆಂದು ಕಚೇರಿಯಲ್ಲೇ ಪರಿಶೀಲಿಸಬೇಕು.

ಕಾಗದಕ್ಕಿಂತ ದೊಡ್ಡದು ಇನ್ನೊಂದಿದೆ. ಬಾಲಿಯ ಹಳ್ಳಿಯಲ್ಲಿ ಎರಡು ಆಡಳಿತ. ಸರ್ಕಾರದ ಗ್ರಾಮ ಒಂದು, ಸಂಪ್ರದಾಯದ ಗ್ರಾಮ ‘ದೇಸ ಅದತ್’ ಇನ್ನೊಂದು. ಅದರೊಳಗೆ ಕೇರಿಯಂಥ ‘ಬಂಜಾರ್’. ಬಂಜಾರಿನ ಕೆಲಸವನ್ನು ಅವರು ‘ಸುಕ ದುಕ’ ಎನ್ನುತ್ತಾರೆ. ನಮ್ಮ ಸುಖದುಃಖವೇ. ಮದುವೆ, ಹಲ್ಲಿನ ತುದಿಯನ್ನು ಅರದಿಂದ ಸವೆಸುವ ಸಂಸ್ಕಾರ, ಶವದಹನ ಎಲ್ಲಕ್ಕೂ ಪ್ರತಿ ಮನೆಯಿಂದ ಆಳು, ಅಕ್ಕಿ, ತೆಂಗಿನಕಾಯಿ ಹೋಗುತ್ತವೆ. ಕೆಲವು ಜಾಗಗಳು ದೇಸ ಅದತ್‌ಗೇ ಸೇರಿದವು. ಅವುಗಳಲ್ಲಿ ವಾಸಿಸುವ ಮನೆತನ ದೇವಸ್ಥಾನದ ಚಾಕರಿ ಮಾಡಲೇಬೇಕು. ಅಂಥ ಜಾಗವನ್ನು ಮನೆಯವರು ತಾವಾಗಿ ಮಾರುವಂತಿಲ್ಲ. ಆದ್ದರಿಂದ ನೋಟರಿಯ ಬಳಿ ಹೋಗುವ ಮೊದಲು ಬಂಜಾರಿನ ಮುಖ್ಯಸ್ಥ ‘ಕ್ಲಿಯಾನ್’ ಅವರ ಮನೆಗೆ ಹೋಗಿ. ಆ ಜಾಗ ಯಾವ ಬಗೆಯದು, ನಾವು ಬಂದರೆ ಊರಿಗೆ ಒಪ್ಪಿಗೆಯೇ ಎಂದು ಕೇಳಿ. ನಾನು ಹೋದಾಗ ಅವರು ಒಂದು ತಾಸು ನನ್ನ ಅಪ್ಪ ಅಮ್ಮ, ಊರು, ಮಕ್ಕಳ ಬಗ್ಗೆ ಕೇಳಿದರು, ಜಾಗದ ಮಾತು ಕೊನೆಯ ಐದು ನಿಮಿಷ. ಆ ಐದು ನಿಮಿಷದಲ್ಲಿ ನಾವು ಗುತ್ತಿಗೆ ಹಿಡಿಯಬೇಕೆಂದಿದ್ದ ಜಾಗದ ಅಂಚಿನಲ್ಲಿ ಮೆರವಣಿಗೆ ಕಡಲಿಗಿಳಿಯುವ ದಾರಿ ಇದೆ, ಅಲ್ಲಿ ಬೇಲಿ ಹಾಕಬಾರದು ಎಂದರು. ಯಾವ ದಾಖಲೆಯಲ್ಲೂ ಅದು ಇರಲಿಲ್ಲ.

ಉತ್ತರ (ಮೈಸೂರಿನವನು)

ಮೇಡಂ, ಮೇಲಿನವರು ಹೇಳಿದ ತಪ್ಪನ್ನು ಮಾಡಿದವನು ನಾನು. ಬಾಲಿಯ ಪಕ್ಕದ ಲೊಂಬೊಕ್ ದ್ವೀಪದ ದಕ್ಷಿಣ ಕರಾವಳಿಯಲ್ಲಿ, 2014ರಲ್ಲಿ. ನನ್ನ ಪರವಾಗಿ ಹೆಸರು ಕೊಟ್ಟವರು ಒಳ್ಳೆಯವರೇ, ನನ್ನ ಮಗಳ ಮದುವೆಗೆ ಉಡುಗೊರೆ ಕಳುಹಿಸಿದ್ದರು. ಅವರು ಹಠಾತ್ತನೆ ತೀರಿಕೊಂಡರು. ಮಕ್ಕಳಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು, ಆದ್ದರಿಂದ ಅದು ಅವರ ಆಸ್ತಿ. ನನ್ನ ಬಳಿ ಇದ್ದ ಸಾಲಪತ್ರ, ಅಧಿಕಾರಪತ್ರ ಎಲ್ಲ ತೆಗೆದುಕೊಂಡು ವಕೀಲರ ಬಳಿ ಹೋದೆ. ಈ ಕಾಗದಗಳನ್ನು ನ್ಯಾಯಾಲಯದ ಮುಂದಿಟ್ಟರೆ ನೀವು ಕಾಯಿದೆ ತಪ್ಪಿಸಲು ಹೊರಟಿದ್ದಿರಿ ಎಂದು ನೀವೇ ಸಾಬೀತು ಮಾಡಿದಂತಾಗುತ್ತದೆ ಎಂದರು. ಹತ್ತು ವರ್ಷದ ಉಳಿತಾಯ ಹೋಯಿತು. ಆ ಮಕ್ಕಳ ಮೇಲೆ ನನಗೆ ಕೋಪವಿಲ್ಲ. ಅಪ್ಪನ ಹೆಸರಿನ ಭೂಮಿಯನ್ನು ಅಪರಿಚಿತನಿಗೆ ಯಾರು ಬಿಟ್ಟುಕೊಡುತ್ತಾರೆ? ಮನುಷ್ಯ ನಂಬಿಕಸ್ಥನೇ ಎಂದಷ್ಟೇ ನಾನು ನೋಡಿದೆ, ಅವನು ಇಲ್ಲವಾದ ಮೇಲೆ ಏನೆಂದು ನೋಡಲಿಲ್ಲ.

ಉತ್ತರ (ಶಿವಮೊಗ್ಗದವನು, ಪತ್ನಿ ಬಾಲಿಯವರು)

ನನ್ನಂತೆ ಅಲ್ಲಿಯವರನ್ನು ಮದುವೆಯಾದವರು ಓದುತ್ತಿದ್ದರೆ ಒಂದು ಮಾತು. ಆಸ್ತಿ ಬೇರ್ಪಡಿಸುವ ಒಪ್ಪಂದವಿಲ್ಲದಿದ್ದರೆ ಮದುವೆಯ ನಂತರ ಕೊಂಡದ್ದು ಇಬ್ಬರ ಜಂಟಿ ಆಸ್ತಿ ಎನಿಸಿಕೊಳ್ಳುತ್ತದೆ, ಆಗ ಅಲ್ಲಿಯ ಪ್ರಜೆಯಾದ ಸಂಗಾತಿಗೂ ಹಕ್ ಮಿಲಿಕ್ ಕೈತಪ್ಪುತ್ತದೆ. ಮೊದಲೆಲ್ಲ ಮದುವೆಗೆ ಮುಂಚೆಯೇ ಆ ಒಪ್ಪಂದ ಆಗಬೇಕಿತ್ತು. ಸಂವಿಧಾನ ನ್ಯಾಯಾಲಯ 2016ರಲ್ಲಿ ಕೊಟ್ಟ ತೀರ್ಪಿನ ನಂತರ ಮದುವೆಯಾದ ಮೇಲೂ ಮಾಡಿಕೊಳ್ಳಬಹುದು. ನಾವು ಹಾಗೆ ಮಾಡಿಕೊಂಡೆವು.

ಇನ್ನೊಂದು. ಬಾಲಿಯಲ್ಲಿ ಆಸ್ತಿ ಗಂಡು ಸಂತತಿಯಲ್ಲಿ ಇಳಿಯುವ ಪದ್ಧತಿ, ಅದರೊಂದಿಗೆ ಮನೆದೇವರ ಪೂಜೆಯ ಹೊಣೆಯೂ ಇಳಿಯುತ್ತದೆ. ಹಾಗಾಗಿ ಒಬ್ಬ ಅಣ್ಣ ಸಹಿ ಹಾಕಿದ ಎಂದು ನೆಮ್ಮದಿಯಿಂದ ಇರಬೇಡಿ. ತಮ್ಮಂದಿರು, ಚಿಕ್ಕಪ್ಪನ ಮಕ್ಕಳು ಎಲ್ಲರೂ ಗುತ್ತಿಗೆಗೆ ಒಪ್ಪಿ ಸಹಿ ಹಾಕಿರಲಿ.

ಉತ್ತರ (ಬೆಂಗಳೂರಿನ ಲೆಕ್ಕಪರಿಶೋಧಕ)

ಇಲ್ಲಿಂದ ಹಣ ಕಳುಹಿಸುವ ಬಗ್ಗೆ ಮಾತ್ರ ಹೇಳುತ್ತೇನೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಒಬ್ಬರು ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ವರೆಗೆ ಕಳುಹಿಸಬಹುದು. ಕಳುಹಿಸಿದ ಮೊತ್ತ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದರೆ ಬ್ಯಾಂಕು ಮೂಲದಲ್ಲೇ ತೆರಿಗೆ ಹಿಡಿಯುತ್ತದೆ, ವಿವರಪಟ್ಟಿ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಹೊರದೇಶದ ಆಸ್ತಿಯನ್ನು, ಖಾತೆಯನ್ನು ಪ್ರತಿ ವರ್ಷ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ತೋರಿಸಲೇಬೇಕು. ಬೇನಾಮಿ ಒಪ್ಪಂದ ಮಾಡಿಕೊಂಡವರು ಇಲ್ಲಿ ಏನೆಂದು ತೋರಿಸುತ್ತಾರೆ? ಎರಡೂ ದೇಶದಲ್ಲಿ ಸಿಕ್ಕಿಬೀಳುವ ದಾರಿ ಅದು.

ಮತ್ತೆ ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೈಸೂರಿನ ಸರ್, ನಿಮ್ಮ ಅನುಭವ ಓದಿ ನಾವಿಬ್ಬರೂ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು. ಮುಂಗಡ ಕೊಟ್ಟಿಲ್ಲ, ಇನ್ನು ಕೊಡುವುದೂ ಇಲ್ಲ. ಹೊನ್ನಾವರದ ತಂಗಿ, ಗುತ್ತಿಗೆಯ ಮಾತು ಆಮೇಲೆ ಇರಲಿ. ನೀರು, ಆಸ್ಪತ್ರೆ, ಊಟ ಹೇಗೆ? ನಾವು ಮೀನು ಮಾಂಸ ತಿನ್ನುವವರಲ್ಲ.

ಉತ್ತರ (ಹೊನ್ನಾವರದವಳು)

ಅಕ್ಕಾ, ಒಳ್ಳೆಯ ನಿರ್ಧಾರ.

ನೀರು ಮೊದಲು. ಉತ್ತರ ಬಾಲಿ ಮಳೆ ನೆರಳಿನ ಸೀಮೆ. ನಮ್ಮ ಕರಾವಳಿಯ ಆಷಾಢವನ್ನು ಅಲ್ಲಿ ನಿರೀಕ್ಷಿಸಬೇಡಿ. ಮಳೆ ಬರುವುದು ಹೆಚ್ಚಾಗಿ ನವೆಂಬರಿನಿಂದ ಮಾರ್ಚಿಗೆ, ಉಳಿದ ತಿಂಗಳು ಗುಡ್ಡವೆಲ್ಲ ಕಂದು. ಕಡಲಂಚಿನ ಬಾವಿ ಬೇಸಿಗೆಯಲ್ಲಿ ಸವಳಾಗುವುದುಂಟು. ಲೆಸ್‌ನ ಮೇಲ್ಭಾಗದ ಗುಡ್ಡದಲ್ಲಿ ‘ಯೆಹ್ ಮೆಂಪೆ’, ಅಂದರೆ ಹಾರುವ ನೀರು, ಎಂಬ ಜಲಪಾತವಿದೆ, ಊರಿನ ಮೇಲಿನ ಭಾಗಕ್ಕೆ ಆ ಕಡೆಯ ನೀರು ಒಳ್ಳೆಯದು. ನೀವು ಮನೆ ನೋಡುವುದಾದರೆ ರಸ್ತೆಯ ಮೇಲ್ಬದಿಗೆ ನೋಡಿ, ಕಡಲು ಐದು ನಿಮಿಷ ನಡೆದರೆ ಸಿಗುತ್ತದೆ. ದಾರಿ ಕೇಳುವಾಗ ಒಂದು ಗೊಂದಲ ಬರುತ್ತದೆ: ಬಾಲಿಯವರು ದಿಕ್ಕು ಹೇಳುವುದು ಬೆಟ್ಟ ಮತ್ತು ಕಡಲಿನ ಲೆಕ್ಕದಲ್ಲಿ. ಬೆಟ್ಟದ ಕಡೆ ‘ಕಜ’, ಕಡಲ ಕಡೆ ‘ಕೆಲೊಡ್’. ದಕ್ಷಿಣ ಬಾಲಿಯಲ್ಲಿ ಕಜ ಎಂದರೆ ಉತ್ತರ, ಇಲ್ಲಿ ಅದೇ ದಕ್ಷಿಣ.

ಕರೆಂಟಿಗೆ ಮುಂಗಡ ಮೀಟರ್. ಅಂಗಡಿಯಲ್ಲಿ ಹಣ ಕೊಟ್ಟರೆ ಇಪ್ಪತ್ತು ಅಂಕಿಯ ಸಂಖ್ಯೆ ಕೊಡುತ್ತಾರೆ, ಮೀಟರಿನಲ್ಲಿ ಒತ್ತಬೇಕು. ಮುಗಿಯುವ ಮೊದಲು ಅದು ಕೂಗುತ್ತದೆ.

ಆಸ್ಪತ್ರೆಯ ವಿಷಯದಲ್ಲಿ ಯೋಚನೆ ಮಾಡಿ. ಹತ್ತಿರ ‘ಪುಸ್ಕೆಸ್ಮಾಸ್’ ಇದೆ, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಹಾಗೆ. ದೊಡ್ಡ ಆಸ್ಪತ್ರೆಗೆ ಸಿಂಗರಾಜ, ಹೃದಯ, ಮೆದುಳಿನ ತೊಂದರೆಗೆ ಬೆಟ್ಟ ದಾಟಿ ದೆನ್ಪಸಾರ್. ಅದು ಕಿಂತಾಮಣಿ ಮೇಲಿನ ತಿರುವು ರಸ್ತೆ, ಮೂರು ಗಂಟೆಯಾದರೂ ಬೇಕು. ಯಜಮಾನರಿಗೆ ರಕ್ತದೊತ್ತಡ, ಸಕ್ಕರೆ ಇದ್ದರೆ ಇದನ್ನು ಎಲ್ಲಕ್ಕಿಂತ ಮೊದಲು ತೂಗಿ. ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ, ಹಳ್ಳಿಯಲ್ಲಿ ನಾಯಿಗಳೂ ಬಹಳ. ಮುಂಚಿತ ಚುಚ್ಚುಮದ್ದು ಊರಿನಿಂದಲೇ ಹಾಕಿಸಿಕೊಂಡು ಬನ್ನಿ.

ಊಟಕ್ಕೆ ಕಷ್ಟವಿಲ್ಲ, ಆದರೆ ‘ತೆರಾಸಿ’ ಎಂಬ ಮಾತು ಕಲಿಯಿರಿ. ಅದು ಸಿಗಡಿಯ ಹುದುಗು. ಸೊಪ್ಪಿನ ಪಲ್ಯ, ಚಟ್ನಿ ಎಂದು ಕೊಡುವುದರಲ್ಲೂ ಇರುತ್ತದೆ. ‘ತಂಪ ತೆರಾಸಿ’ ಎಂದರೆ ಅದಿಲ್ಲದೆ ಮಾಡಿಕೊಡುತ್ತಾರೆ. ಸೋಯಾ ಕಾಳಿನಿಂದ ಮಾಡುವ ತೆಂಪೆ, ತಾಹು, ಜೊತೆಗೆ ತೆಂಗು, ಬಾಳೆ, ನುಗ್ಗೆ ಎಲ್ಲ ಸಿಗುತ್ತವೆ. ಉಪ್ಪನ್ನು ನೀವೇ ನೋಡಿದ್ದೀರಿ. ಮಣ್ಣಿನ ಮೇಲೆ ಕಡಲ ನೀರು ಎರಚಿ ಒಣಗಿಸಿ, ಶಂಕುವಿನಾಕಾರದ ಬುಟ್ಟಿಯಲ್ಲಿ ಸೋಸಿ, ತೆಂಗಿನ ಕಾಂಡ ಕೊರೆದ ‘ಪಲುಂಗನ್’ ತೊಟ್ಟಿಗಳಲ್ಲಿ ಹರಳುಗಟ್ಟಿಸುತ್ತಾರೆ. ಸಾಣಿಕಟ್ಟಾದ ಉಪ್ಪಿನಾಗರ ನೋಡಿ ಬೆಳೆದ ನನಗೆ ಅದರ ರುಚಿ ನಮ್ಮದಕ್ಕಿಂತ ಮೃದು ಅನ್ನಿಸುತ್ತದೆ. ಈ ಊರಿನ ಮೀನುಗಾರರ ಬಗ್ಗೆಯೂ ನನಗೆ ಬಹಳ ಗೌರವ. ಅಲಂಕಾರದ ಮೀನು ಹಿಡಿಯಲು ಒಂದು ಕಾಲದಲ್ಲಿ ಸೈನೈಡ್ ಬಳಸಿ ಹವಳವನ್ನೆಲ್ಲ ಸಾಯಿಸಿದ್ದರು. 2000ದ ಈಚೆಗೆ ಸೈನೈಡ್ ಬಿಟ್ಟು ಬಲೆ ಹಿಡಿದರು, ಈಗ ತಾವೇ ಹವಳ ನೆಡುತ್ತಾರೆ. ಕಡಲಿನ ಮೇಲೆ ಇಷ್ಟು ಕೆಲಸ ಮಾಡಿದ ಜನರ ಅಂಗಳಕ್ಕೆ ನಾವು ಹೋಗುತ್ತಿದ್ದೇವೆ.

ಊರಿನ ಪಾಲಿಗೆ ನಾವು ಏನು ಎಂಬುದನ್ನು 2019ರ ಪ್ರಾಂತ್ಯದ ಕಾಯಿದೆಯೇ ಹೇಳುತ್ತದೆ: ‘ತಮಿಯು’, ಅತಿಥಿ. ಈ ಕರಾವಳಿಗೆ ಭಾರತದವರು ಹೊಸಬರಲ್ಲ. ಪಕ್ಕದ ಸೆಂಬಿರನ್‌ನಲ್ಲಿ ಉತ್ಖನನ ಮಾಡಿದಾಗ ಸುಮಾರು ಎರಡು ಸಾವಿರ ವರ್ಷ ಹಳೆಯ ಭಾರತದ ಮಡಕೆ ಚೂರುಗಳು ಸಿಕ್ಕಿವೆ. ಅವರೂ ಬಂದು ಹೋದ ಅತಿಥಿಗಳೇ.

ನನ್ನ ಸಲಹೆ: ಜಾಗ ಹುಡುಕಬೇಡಿ, ಮನೆ ಬಾಡಿಗೆಗೆ ಹಿಡಿಯಿರಿ, ಅಷ್ಟು ಕಾಲಕ್ಕೆ ಯಾವ ವೀಸಾ ಬೇಕೆಂದು ವಲಸೆ ಕಚೇರಿಯಲ್ಲಿ ಕೇಳಿ. ಗಲುಂಗನ್ ಹಬ್ಬ 210 ದಿನಕ್ಕೊಮ್ಮೆ ಬರುತ್ತದೆ, ಅಂಥ ಒಂದು ಸುತ್ತು ಪೂರ್ತಿ ಊರಿನಲ್ಲಿ ಕಳೆಯಿರಿ. ಅದರಲ್ಲಿ ‘ನ್ಯೆಪಿ’ ಬರುವಂತೆ ನೋಡಿಕೊಳ್ಳಿ. ಅದು ಅವರ ಶಕವರ್ಷದ ಮೊದಲ ದಿನ, ಎಷ್ಟೋ ವರ್ಷ ನಮ್ಮ ಯುಗಾದಿಯ ಹಿಂದುಮುಂದೆ ಬರುತ್ತದೆ. 2026ರಲ್ಲಿ ಎರಡೂ ಮಾರ್ಚ್ 19ಕ್ಕೆ, ಇಬ್ಬರಿಗೂ ಶಕ 1948. ಅಂದು ಬೆಳಿಗ್ಗೆ ಆರರಿಂದ ಮರುದಿನ ಆರರ ತನಕ ದೀಪವಿಲ್ಲ, ಒಲೆಯಿಲ್ಲ, ರಸ್ತೆಗಿಳಿಯುವಂತಿಲ್ಲ, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಬೇವುಬೆಲ್ಲವನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ. ಅದಕ್ಕೂ ಎರಡು ಮೂರು ದಿನ ಮೊದಲು ‘ಮೆಲಸ್ತಿ’. ಇಡೀ ಊರು ಬಿಳಿ ಬಟ್ಟೆಯುಟ್ಟು ದೇವರನ್ನು ಹೊತ್ತು ಕಡಲಿಗೆ ಇಳಿಯುತ್ತದೆ. ಆ ದಿನ ಎಲ್ಲರ ಹಿಂದೆ ನಡೆದು ನೋಡಿ. ಮಧ್ಯವರ್ತಿ ತೋರಿಸಿದ ಜಾಗದ ಮೇಲೆಯೇ ಮೆರವಣಿಗೆ ಹಾದುಹೋದರೂ ಹೋಗಬಹುದು.

ಬರುವಾಗ ಇಂಗು, ಬ್ಯಾಡಗಿ ಮೆಣಸು ತನ್ನಿ. ಇಲ್ಲಿ ಎರಡೂ ಸಿಗುವುದಿಲ್ಲ. ಮೊದಲ ವಾರ ನಮ್ಮ ಮನೆಯಲ್ಲೇ ಉಳಿಯಿರಿ, ಕ್ಲಿಯಾನ್ ಅವರ ಬಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.