ಕಾಡಿನ ಜೇನು ಮಾರಲು ಯಾವ ರೀತಿಯ ಸಂಸ್ಥೆ ಒಳ್ಳೆಯದು?

ಪ್ರಶ್ನೆ: ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ. ನಮ್ಮ ಹಿರಿಯರು ತೆಗೆಯುವ ಹೆಜ್ಜೇನನ್ನು ನಮ್ಮದೇ ಹೆಸರಲ್ಲಿ ಮಾರಬೇಕು, ಲಾಭ ನಮ್ಮ ಪೋಡಿನಲ್ಲೇ (ಸೋಲಿಗರ ಹಾಡಿಯಲ್ಲೇ) ಉಳಿಯಬೇಕು. ಹೇಗೆ ನೋಂದಾಯಿಸಲಿ?

ಉತ್ತರ 1: ಉತ್ಪಾದಕ ಕಂಪನಿ ಮಾಡಿ, ಅಂದರೆ ಉತ್ಪಾದಕರೇ ಒಡೆಯರಾಗಿರುವ ಕಂಪನಿ. 10 ಉತ್ಪಾದಕರು ಸೇರಿದರೆ ಸಾಕು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ.

ಉತ್ತರ 2: ಅಕ್ಕಾ, ಮೊದಲು ಗ್ರಾಮಸಭೆಯಲ್ಲಿ ಮಾತಾಡಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಜೇನು ಮಾರುವ ಹಕ್ಕೂ ಇದೆ. ನಿಮ್ಮ ಬೆಟ್ಟದ ಹಲವು ಪೋಡುಗಳಿಗೆ 2011ರಲ್ಲೇ ಸಮುದಾಯ ಹಕ್ಕು ಸಿಕ್ಕಿದೆ ಅಲ್ವಾ? ಜೇನುಹುಟ್ಟಿನಲ್ಲಿ ಎಷ್ಟು ಬಿಟ್ಟು ಬರಬೇಕು ಅನ್ನುವುದನ್ನು ಹಿರಿಯರೇ ಹೇಳಲಿ. ವ್ಯಾಪಾರಿ ಜಾಸ್ತಿ ಕೇಳಿದ ಅಂತ ಎಲ್ಲಾ ಕೊಯ್ಯಬೇಡಿ. ನನಗೆ ಇದೇ ದೊಡ್ಡ ಚಿಂತೆ.

ಉತ್ತರ 3: ಸಂಸ್ಥೆ ಯಾವುದೇ ಇರಲಿ, ಮಾರುವ ಮೊದಲು ಜೇನಿನ ತೇವಾಂಶ ಅಳೆಯಿರಿ. 20% ದಾಟಿದರೆ ಆಹಾರ ಸುರಕ್ಷತೆಯ ನಿಯಮ ಒಪ್ಪುವುದಿಲ್ಲ. ಮಳೆಗಾಲದ ಜೇನಿನಲ್ಲಿ ನೀರಿನಂಶ ಜಾಸ್ತಿ.