ಪದ ಬೇಕು: ‘ತ್ರಾಸ’, ‘ದೌರ್ಜನ್ಯ’, ಮತ್ತೆ ‘ವ್ಯಾಲಿಡೇಟ್’ ಅನ್ನೋದಕ್ಕೆ ಕನ್ನಡ

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯಲ್ಲಿ ನರ್ಸಿಂಗ್ ಪಾಠ ಮಾಡುತ್ತೇನೆ. ಮುಂದಿನ ತಿಂಗಳು ನಮ್ಮ ಹುಡುಗಿಯರು ಮೊದಲ ಸಲ ವಾರ್ಡಿಗೆ ಹೋಗುತ್ತಾರೆ. ಗಂಡನಿಂದ ಏಟು ತಿಂದು ಬಂದ ಹೆಂಗಸಿನ ಜೊತೆ ಹೇಗೆ ಮಾತಾಡಬೇಕು ಅಂತ ಅವರಿಗೆ ಎರಡು ಪುಟ ಬರೆದುಕೊಡುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು, ಮನೆಯಲ್ಲಿ ಏನಾಗುತ್ತಿದೆ ಅಂತ ಅವಳನ್ನು ವಿಚಾರಿಸಲು ಬೇಕಾದ ಪದ. ಹೆಂಗಸರನ್ನು ಮನೆಯೊಳಗಿನ ಹಿಂಸೆಯಿಂದ ಕಾಪಾಡುವ 2005ರ ಕಾಯ್ದೆ ಬಂದ ಮೇಲೆ ಪೇಪರು, ಠಾಣೆ, ಕೋರ್ಟು ಎಲ್ಲ ಕಡೆ ‘ಕೌಟುಂಬಿಕ ದೌರ್ಜನ್ಯ’ ಕೇಳುತ್ತೇವೆ. ಹೋದ ವಾರ ಕ್ಲಾಸಿನಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿದೆ, ಒಬ್ಬಳು ನರ್ಸ್, ಇನ್ನೊಬ್ಬಳು ರೋಗಿ. ನರ್ಸ್ ಆದವಳು ನೋಟ್ಸ್ ನೋಡಿಕೊಂಡು “ನಿಮ್ಮ ಮೇಲೆ ಕೌಟುಂಬಿಕ ದೌರ್ಜನ್ಯ ನಡೆದಿದೆಯೇ?” ಅಂದಳು. ರೋಗಿ ಆದವಳು ಜೇವರ್ಗಿ ಕಡೆಯ ಹುಡುಗಿ. ವೇಲಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ “ಇಲ್ಲರಿ, ಬಚ್ಚಲದಾಗ ಜಾರಿ ಬಿದ್ದೀನ್ರಿ” ಅಂದಳು. ಹಾಗೆ ಹೇಳು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಕೇಳಿದ್ದಕ್ಕೆ, “ಆ ಮಾತು ಕೇಳಿದ್ರ ಪೊಲೀಸರು ಬಂದಂಗ ಆಗ್ತದ್ರಿ ಮೇಡಂ” ಅಂದಳು.

ನಮ್ಮ ಕಡೆ ಹೆಂಗಸರು ತಾವಾಗಿ ಹೇಳುವುದು ‘ತ್ರಾಸ’. “ಮನ್ಯಾಗ ಭಾಳ ತ್ರಾಸ ಅದರಿ.” ಹೊಡೆತ, ಬೈಗುಳ, ಖರ್ಚಿಗೆ ರೊಕ್ಕ ಕೊಡದೆ ಇರುವುದು, ತವರಿಗೆ ಫೋನ್ ಹಚ್ಚಲು ಬಿಡದೆ ಇರುವುದು, ಎಲ್ಲವೂ ಅದರೊಳಗೆ ಬರುತ್ತದೆ. ಕಾಯ್ದೆಯೂ ಹೊಡೆತದ ಜೊತೆಗೆ ಮಾತಿನ ಹಿಂಸೆ, ದುಡ್ಡಿನ ಹಿಂಸೆ, ಲೈಂಗಿಕ ಹಿಂಸೆ ಎಲ್ಲವನ್ನೂ ಸೇರಿಸಿದೆ. ಹಾಗಾಗಿ “ಯಾರರ ಬಡದಾರೇನು?” ಅಂತ ಮಾತ್ರ ಕೇಳಿದರೆ ಸಾಲದು, ಅಲ್ವಾ? ಆದರೆ ಆಸ್ಪತ್ರೆಯಲ್ಲಿ ಹೊಟ್ಟೆನೋವೂ ತ್ರಾಸ, ದಮ್ಮೂ ತ್ರಾಸ. ‘ಕಾಟ’ ಅಂದರೆ ಸೊಳ್ಳೆ ಕಾಟದ ನೆನಪಾಗುತ್ತದೆ.

ತ್ರಾಸಕ್ಕೆ ಸಂಸ್ಕೃತದಲ್ಲಿ ಹೆದರಿಕೆ ಅಂತ ಅರ್ಥ. ಪೇಪರಿನ ‘ಸಂತ್ರಸ್ತೆ’ಗೂ ಅದೇ ಬೇರು, ಹೆದರಿ ನಡುಗಿದವಳು. ಇದು ಗೊತ್ತಾದಾಗ ನನಗೆ ದಾರಿ ಸಿಕ್ಕಂತಾಯಿತು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಆರೋಗ್ಯ ಸಿಬ್ಬಂದಿಗೆ ಅಂತ ತಂದ ಕೈಪಿಡಿಯಲ್ಲೂ, ಗಂಡನನ್ನು ಕಂಡರೆ ಭಯವಾಗುತ್ತದೆಯೇ ಅನ್ನುವ ಪ್ರಶ್ನೆ ಇದೆ. ಅದಕ್ಕೇ “ಮನಿಗಿ ಹೋಗ್ಲಾಕ ಅಂಜಿಕಿ ಬರ್ತದೇನವ್ವಾ?” ಅಂತ ಬರೆದಿದ್ದೇನೆ. ಅತ್ತೆ ಪಕ್ಕದಲ್ಲೇ ಕೂತಿದ್ದರೆ ಇದನ್ನೂ ಕೇಳಬಾರದು. ಮೊದಲು ಔಷಧಿ ಚೀಟಿ ಕೊಟ್ಟು ಅವರನ್ನು ಹೊರಗೆ ಕಳಿಸಬೇಕು.

ಎರಡನೆಯದು ಜಾಸ್ತಿ ಕಷ್ಟ. ಅದೇ ಕೈಪಿಡಿಯಲ್ಲಿ ಐದು ಹೆಜ್ಜೆಗಳಿವೆ: ಕಿವಿಗೊಡು, ಏನು ಬೇಕು ಕೇಳು, ವ್ಯಾಲಿಡೇಟ್ ಮಾಡು, ಅಪಾಯ ತಪ್ಪಿಸು, ನೆರವು ಸಿಗುವ ಕಡೆ ಜೋಡಿಸು. ಮಧ್ಯದ್ದಕ್ಕೆ ಏನನ್ನೋಣ? ‘ದೃಢೀಕರಿಸು’, ‘ಸಿಂಧುಗೊಳಿಸು’ ಕಚೇರಿ ಕಾಗದಕ್ಕೆ ಸರಿ. ಕೆಲವರು ‘ಸಮಾಧಾನ ಮಾಡು’ ಅಂದರು. ನನಗೆ ಅದು ಬೇಡ. ನಮ್ಮಲ್ಲಿ ಸಮಾಧಾನ ಶುರುವಾದರೆ “ಹೊಂದಿಕೊಂಡು ಹೋಗವ್ವಾ” ಅನ್ನುವಲ್ಲಿಗೇ ಹೋಗಿ ನಿಲ್ಲುತ್ತದೆ. ಎಷ್ಟೋ ಹೆಂಗಸರು ಆ ಮಾತು ಕೇಳಿಯೇ ವಾಪಸ್ ಹೋಗಿ ಮತ್ತೆ ಏಟು ತಿಂದಿದ್ದಾರೆ. ಇಲ್ಲಿ ಬೇಕಾದ್ದು ಅವಳ ಮಾತು ನಂಬಿದ್ದೇನೆ, ತಪ್ಪು ಅವಳದಲ್ಲ ಅಂತ ಬಾಯಿಬಿಟ್ಟು ಹೇಳುವುದು. “ನೀ ಹೇಳಿದ್ದು ಖರೇ ಅದ. ಇದರಾಗ ನಿಂದೇನೂ ತಪ್ಪಿಲ್ಲವ್ವಾ.” ಸದ್ಯಕ್ಕೆ ‘ಖರೇ ಅನ್ನು’ ಅಂತ ಬರೆದಿದ್ದೇನೆ. ಮೈಸೂರು, ಶಿವಮೊಗ್ಗ ಕಡೆಯ ವಿದ್ಯಾರ್ಥಿಗಳಿಗೂ ಇದು ತಿಳಿಯುತ್ತದೆಯೇ? ಇದಕ್ಕಿಂತ ಒಳ್ಳೆಯ ಮಾತು ಇದೆಯೇ?

ಬೀದರ್, ಯಾದಗಿರಿ ಕಡೆಯವರು ನಿಮ್ಮ ಅವ್ವ, ಅಕ್ಕಂದಿರ ಬಾಯಲ್ಲಿ ಕೇಳಿದ ಮಾತನ್ನು ತಿದ್ದದೆ ಹಾಗೇ ಬರೆದು ಕಳಿಸಿ. ಬೀದರ್ ಕಡೆ ತ್ರಾಸಕ್ಕೆ ‘ಪರೇಶಾನಿ’ ಅಂತಾರಾ? ಶನಿವಾರ ಜೆರಾಕ್ಸ್‌ಗೆ ಕೊಡಬೇಕು.