ಸಹಾಯ ಬೇಕು: ಬೀಜಗಣಿತ ಸಲೀಸು, ರೇಖಾಗಣಿತ ಅಂದರೆ ತಲೆನೋವು

ಮಗಳು ಹೈಸ್ಕೂಲಿನಲ್ಲಿದ್ದಾಳೆ. ಸಮೀಕರಣ ಕೊಟ್ಟರೆ ಚಕಚಕ ಬಿಡಿಸುತ್ತಾಳೆ. ಅಲ್ಲಿ ಒಂದು ಹೆಜ್ಜೆ ಆದಮೇಲೆ ಮುಂದಿನದು ತಾನಾಗಿಯೇ ಹೊಳೆಯುತ್ತದೆ, ಅಲ್ವಾ? ರೇಖಾಗಣಿತದಲ್ಲಿ ಹಾಗಿಲ್ಲ. ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ ಎಂದು ಸಾಧಿಸಬೇಕಾದರೆ, ಮೇಲಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ಗೆರೆಯೊಂದನ್ನು ನಾವೇ ಎಳೆದುಕೊಳ್ಳಬೇಕು. "ಪ್ರಶ್ನೆಯಲ್ಲೇ ಇಲ್ಲದ ಗೆರೆ ನಂಗೆ ಹೇಗೆ ಹೊಳೀಬೇಕು?" ಅಂತ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ! ಅದೇ ತ್ರಿಭುಜವನ್ನು ಓರೆಯಾಗಿ ಬರೆದರಂತೂ ಪಾದ ಯಾವುದು ಅಂತಲೇ ತಬ್ಬಿಬ್ಬಾಗುತ್ತಾಳೆ. ಪ್ರಮೇಯಗಳೆಲ್ಲ ಬಾಯಿಪಾಠ ಇವೆ, ಆದರೆ ಉಪಯೋಗಕ್ಕೆ ಬರ್ತಿಲ್ಲ.

ಅವಳ ತಮ್ಮನದು ಪೂರ್ತಿ ಉಲ್ಟಾ. ಚಿತ್ರ ಕಂಡರೆ ಖುಷಿ, ಬೀಜಗಣಿತದ x, y ಅಕ್ಷರ ಕಂಡರೆ ಓಟ.

ಗಣಿತ ಕಲಿಸುವವರು ದಯವಿಟ್ಟು ಹೇಳಿ: ಗೆರೆ ಎಲ್ಲಿ ಎಳೆಯಬೇಕು ಅನ್ನೋದನ್ನು ಮಕ್ಕಳಿಗೆ ಹೇಗೆ ರೂಢಿ ಮಾಡಿಸುತ್ತೀರಿ? ಕಾಗದ ಮಡಚಿ ತೋರಿಸಿದರೆ ಅನುಕೂಲ ಆಗುತ್ತಾ? "ಟ್ಯೂಷನ್‌ಗೆ ಹಾಕಿ" ಅನ್ನೋ ಸಲಹೆ ಮಾತ್ರ ಬೇಡ.